ಗುಡಿಸಿ ಒರೆಸೋ ರೋಬೋಟ್: ಪಾಸ್ಕಲ್ ನೋಡಬೇಕಾ, ಮಾಪ್ ನೋಡಬೇಕಾ?

ಟೈಲ್ಸ್‌ಮನೆ:

ಎಲ್ಲರಿಗೂ ನಮಸ್ಕಾರ. ಗುಡಿಸೋದು, ಒರೆಸೋದು ಎರಡೂ ಮಾಡೋ ರೋಬೋಟ್ ವ್ಯಾಕ್ಯೂಮ್ ತಗೋಬೇಕು ಅಂತಿದ್ದೀನಿ. ಸ್ಪೆಕ್ ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. ಒಂದರಲ್ಲಿ ಧೂಳೆಳೆಯೋ ಶಕ್ತಿ 4000 ಪಾಸ್ಕಲ್, ಇನ್ನೊಂದರಲ್ಲಿ 12000. ಒಂದಕ್ಕೆ ಹಿಂದೆ ಎಳ್ಕೊಂಡು ಹೋಗೋ ಬಟ್ಟೆ, ಇನ್ನೊಂದಕ್ಕೆ ತಿರುಗೋ ಎರಡು ದುಂಡು ಮಾಪ್, ಮತ್ತೊಂದಕ್ಕೆ ರೋಲರ್. ಕೆಲವಕ್ಕೆ ಮಾಪ್ ತಾನೇ ತೊಳೆದು ಒಣಗಿಸೋ ದೊಡ್ಡ ಡಾಕ್ (ರೋಬೋಟ್ ಚಾರ್ಜ್ ಆಗೋಕೆ ಬಂದು ನಿಲ್ಲೋ ಪೆಟ್ಟಿಗೆ) ಬೇರೆ.

ಮನೆ ಸುಮಾರು 1100 ಚದರ ಅಡಿ. ಎಲ್ಲಾ ಕಡೆ ಹೊಳಪಿನ ಟೈಲ್ಸ್, ಒಂದು ರೂಮಲ್ಲಿ ಮಾತ್ರ ಲ್ಯಾಮಿನೇಟ್ ಮರದ ನೆಲ. ಹಾಲಲ್ಲಿ ಒಂದು ಕಾರ್ಪೆಟ್. ಇಬ್ಬರಿಗೆ ಉದ್ದ ಕೂದಲು, ಜೊತೆಗೆ ಒಂದು ಬೆಕ್ಕು. ರೂಮುಗಳಿಗೆ ಹೊಸ್ತಿಲಿದೆ. ನಲ್ಲಿಯಲ್ಲಿ ಬರೋದು ಗಡಸು ನೀರು, ಬಕೆಟ್ಟಿನ ಅಂಚಲ್ಲಿ ಬಿಳಿ ಪೊರೆ ಕಟ್ಟುತ್ತೆ.

ಏನನ್ನ ನೋಡಿ ಆರಿಸಬೇಕು? ದೊಡ್ಡ ಡಾಕ್ ನಿಜವಾಗ್ಲೂ ಬೇಕಾ? ಬ್ರ್ಯಾಂಡ್ ಹೆಸರಿಗಿಂತ, ಯಾವ ಭಾಗ ಯಾಕೆ ಮುಖ್ಯ ಅಂತ ಹೇಳಿದ್ರೆ ಒಳ್ಳೇದು.


ಧೂಳುಪುರಾಣ:

ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ನಾಲ್ಕು ಅಳತೆ ತೆಗೆಯಿರಿ. ಪ್ರತಿ ಹೊಸ್ತಿಲಿನ ಎತ್ತರ, ಸೋಫಾ ಮತ್ತು ಮಂಚದ ಕೆಳಗಿನ ಜಾಗದ ಎತ್ತರ (ಮುಂದಿನ ಅಂಚಿನಲ್ಲಷ್ಟೇ ಅಲ್ಲ, ಒಳಗೆ ಅಡ್ಡಪಟ್ಟಿ ಇಳಿಬಿದ್ದಿರುವ ಕಡೆಯೂ), ಕಾರ್ಪೆಟ್ಟಿನ ಎಳೆ ಎಷ್ಟು ಮಿಲಿಮೀಟರ್ ಉದ್ದ, ಡಾಕ್ ಇಡುವ ಗೋಡೆಯ ಅಗಲ. ಇಷ್ಟು ಗೊತ್ತಾದರೆ ಅರ್ಧ ಮಾಡೆಲ್‌ಗಳು ತಾವಾಗಿಯೇ ಪಟ್ಟಿಯಿಂದ ಬಿದ್ದು ಹೋಗುತ್ತವೆ.

ಮೊದಲು ಪಾಸ್ಕಲ್. ಅದು ಗಾಳಿಯ ಬಾಯಿಯನ್ನು ಪೂರ್ತಿ ಮುಚ್ಚಿದಾಗ ಫ್ಯಾನು ಹುಟ್ಟಿಸುವ ಒತ್ತಡದ ವ್ಯತ್ಯಾಸ, ಅದೂ ಅತಿ ಜೋರಿನ ಮೋಡ್‌ನಲ್ಲಿ. ನೆಲದಿಂದ ಧೂಳನ್ನು ಎತ್ತಿ ಡಬ್ಬಿಗೆ ಒಯ್ಯುವುದು ಗಾಳಿಯ ಹರಿವು ಮತ್ತು ಬ್ರಷ್. ದಿನನಿತ್ಯ ಓಡಿಸುವುದು ಮಧ್ಯಮ ಮೋಡ್‌ನಲ್ಲಿ, ಅಲ್ಲಿ ಆ ದೊಡ್ಡ ಅಂಕಿ ಬರುವುದೇ ಇಲ್ಲ. ಬರೀ ಟೈಲ್ಸ್ ನೆಲಕ್ಕೆ 2500-3000 ಪಾಸ್ಕಲ್ ಧಾರಾಳ ಸಾಕು. ಕಾರ್ಪೆಟ್ ಇದ್ದರೆ 5000ದ ಮೇಲಿರಲಿ. 5000ಕ್ಕೂ 12000ಕ್ಕೂ ನಿಮ್ಮ ಟೈಲ್ಸ್ ಮೇಲೆ ಕಣ್ಣಿಗೆ ಕಾಣುವ ವ್ಯತ್ಯಾಸ ಇರುವುದಿಲ್ಲ, ಸದ್ದಿನಲ್ಲಿ ಮಾತ್ರ ಇರುತ್ತದೆ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಮಾಪ್ ಬಗ್ಗೆ. ನಾಲ್ಕು ಬಗೆ ಇವೆ.

ಎಳೆಯುವ ಬಟ್ಟೆ: ರೋಬೋಟಿನ ಹಿಂದೆ ಅಂಟಿಸಿದ ಒದ್ದೆ ಪ್ಯಾಡ್. ಯಂತ್ರದ ತೂಕವೆಲ್ಲ ಚಕ್ರದ ಮೇಲಿರುವುದರಿಂದ ಬಟ್ಟೆಗೆ ಒತ್ತಡವೇ ಸಿಗುವುದಿಲ್ಲ. ಗುಡಿಸಿದ ಮೇಲೆ ಉಳಿದ ನಯವಾದ ಧೂಳನ್ನು ಹಿಡಿಯುತ್ತದೆ, ಒಣಗಿದ ಕಲೆಯ ಮೇಲೆ ಸುಮ್ಮನೆ ಜಾರಿ ಹೋಗುತ್ತದೆ. ಇದರಲ್ಲೂ ಎರಡು ಥರ: ನೀರು ತಾನಾಗಿ ಸೋರುವ ಟ್ಯಾಂಕ್, ಮತ್ತು ಚಿಕ್ಕ ಪಂಪ್ ಅಳತೆ ಮಾಡಿ ಬಿಡುವ ಟ್ಯಾಂಕ್. ಸೋರುವಂಥದ್ದು ರೋಬೋಟ್ ಎಲ್ಲೋ ಸಿಕ್ಕಿಹಾಕಿಕೊಂಡು ನಿಂತರೂ ಸೋರುತ್ತಲೇ ಇರುತ್ತದೆ, ಲ್ಯಾಮಿನೇಟ್ ಇರುವ ಮನೆಗೆ ಅದು ಬೇಡವೇ ಬೇಡ.

ಅದುರುವ ಪ್ಯಾಡ್: ಅದೇ ಬಟ್ಟೆ, ಆದರೆ ಮೋಟಾರು ನಿಮಿಷಕ್ಕೆ ಸುಮಾರು 3000 ಸಲ ಅದುರಿಸುತ್ತದೆ. ಒಣಗಿದ ಹನಿ ಕಲೆಗಳು ಎರಡು ಸುತ್ತಿನಲ್ಲಿ ಹೋಗುತ್ತವೆ.

ತಿರುಗುವ ಜೋಡಿ ಮಾಪ್: ನಿಮಿಷಕ್ಕೆ 180-200 ಸುತ್ತು, ಜೊತೆಗೆ ಕೆಳಮುಖವಾಗಿ ಸುಮಾರು 10 ನ್ಯೂಟನ್ ಒತ್ತಡ, ಅಂದರೆ ಹತ್ತಿರ ಹತ್ತಿರ ಒಂದು ಕಿಲೋ ಭಾರ. ಟೈಲ್ಸ್ ಉಜ್ಜುವುದಕ್ಕೆ ಇದು ಚೆನ್ನ. ಎರಡು ದುಂಡುಗಳ ನಡುವಿನ ಸಂದು ಮತ್ತು ಗೋಡೆಯ ಅಂಚಿನ ಒಂದೆರಡು ಸೆಂಟಿಮೀಟರ್ ಮಾತ್ರ ಬಿಟ್ಟುಹೋಗುತ್ತದೆ. ಒಂದು ಮಾಪ್ ಹೊರಗೆ ಚಾಚುವಂತಿದ್ದರೆ ಅಂಚಿನ ದೂರು ಬಹುಪಾಲು ತೀರುತ್ತದೆ.

ರೋಲರ್: ಉರುಳುವ ಬಟ್ಟೆಗೆ ಸತತವಾಗಿ ನೀರು ಬೀಳುತ್ತದೆ, ಒಂದು ಪಟ್ಟಿ ಅದರ ಕೊಳೆ ನೀರನ್ನು ಹಿಂಡಿ ಒಳಗಿನ ಪುಟ್ಟ ಟ್ಯಾಂಕಿಗೆ ಕಳಿಸುತ್ತದೆ. ಮೊದಲ ಚದರ ಮೀಟರಿಗೂ ಕೊನೆಯದಕ್ಕೂ ಬಟ್ಟೆ ಒಂದೇ ಮಟ್ಟದಲ್ಲಿ ಶುಚಿಯಾಗಿರುವುದು ಇದೊಂದರಲ್ಲೇ. ಆದರೆ ಹಿಂಡುವ ಪಟ್ಟಿಯಲ್ಲಿ ಕೂದಲು ಸೇರಿಕೊಂಡರೆ ನೆಲದ ಮೇಲೆ ಉದ್ದುದ್ದ ಗೆರೆ ಎಳೆಯುತ್ತದೆ. ಬೆಕ್ಕಿರುವ ಮನೆಯಲ್ಲಿ ಆ ಪಟ್ಟಿಯನ್ನು ವಾರಕ್ಕೊಮ್ಮೆಯಾದರೂ ಬಿಚ್ಚಿ ಒರೆಸಬೇಕು.

ಮೊದಲ ಮೂರು ಬಗೆಗಳಲ್ಲಿ ಒಂದೇ ದೊಡ್ಡ ತೊಂದರೆ: 15-20 ಚದರ ಮೀಟರ್ ಆಗುವಷ್ಟರಲ್ಲಿ ಬಟ್ಟೆ ಕೊಳೆಯಾಗಿರುತ್ತದೆ, ಆಮೇಲೆ ಅದು ಒರೆಸುವುದಿಲ್ಲ, ಹಚ್ಚುತ್ತದೆ. ನಿಮ್ಮ 1100 ಚದರ ಅಡಿ ಅಂದರೆ ಸುಮಾರು 102 ಚದರ ಮೀಟರ್. ಪೀಠೋಪಕರಣದ ಜಾಗ ಕಳೆದರೂ ಒಂದು ಸುತ್ತಿಗೆ ಬಟ್ಟೆಯನ್ನು ನಾಲ್ಕೈದು ಸಲ ತೊಳೆಯಬೇಕು. ಡಾಕ್ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಧೂಳು ಖಾಲಿ ಮಾಡುವ ಡಾಕ್ ಸೌಕರ್ಯ, ಮಾಪ್ ತೊಳೆಯುವ ಡಾಕ್ ಅಗತ್ಯ. ಎಷ್ಟು ನಿಮಿಷಕ್ಕೊಮ್ಮೆ ಅಥವಾ ಪ್ರತಿ ರೂಮಿಗೊಮ್ಮೆ ವಾಪಸ್ ಬಂದು ತೊಳೆಯಬೇಕೆಂದು ಆ್ಯಪ್‌ನಲ್ಲಿ ಹೊಂದಿಸಲು ಬರಬೇಕು. 10 ನಿಮಿಷಕ್ಕೆ ಇಟ್ಟರೆ ಸಮಯವೂ ನೀರೂ ಜಾಸ್ತಿ ಹೋಗುತ್ತವೆ, ಟೈಲ್ಸ್ ಮೇಲೆ ಗೆರೆ ಬೀಳುವುದು ನಿಲ್ಲುತ್ತದೆ.


ಒದ್ದೆಬಟ್ಟೆ:

ಧೂಳುಪುರಾಣ ಅವರು ಹೇಳಿದ್ದರಲ್ಲಿ ಮಾಪ್ ಬಗೆಗಳ ಮಾತು ಸರಿ. ಆದ್ರೆ ಡಾಕ್ ‘ಅಗತ್ಯ’ ಅನ್ನೋದನ್ನ ನಾನು ಒಪ್ಪಲ್ಲ.

ತೊಳೆಯೋ ಡಾಕ್ ಅಂದ್ರೆ ಸುಮಾರು 40-45 ಸೆಂ.ಮೀ. ಅಗಲ, ಅಷ್ಟೇ ಅಥವಾ ಇನ್ನೂ ಎತ್ತರ. ಎರಡೂ ಪಕ್ಕ ಒಂದಿಷ್ಟು, ಮುಂದೆ ಒಂದೂವರೆ ಮೀಟರ್ ಹತ್ತಿರ ಖಾಲಿ ಜಾಗ ಬಿಡಿ ಅಂತ ಎಷ್ಟೋ ಮ್ಯಾನುಯಲ್‌ಗಳಲ್ಲಿ ಇರುತ್ತೆ. ಹತ್ತಿರದಲ್ಲಿ ಪ್ಲಗ್ ಬೇಕು, ಬಿಸಿಲು ನೇರ ಬೀಳಬಾರದು, ಮರದ ನೆಲದ ಮೇಲೆ ಇಡಬಾರದು. ಶುದ್ಧ ನೀರಿನ ಟ್ಯಾಂಕ್ 4 ಲೀಟರ್ ಹಿಡಿದ್ರೆ ತುಂಬಿದಾಗ 4 ಕಿಲೋ ಮೇಲಾಯ್ತು. ಒಂದೋ ಎರಡೋ ಸುತ್ತಿಗೆ ಅದು ಖಾಲಿ. ಕೊಳೆ ನೀರಿನ ಟ್ಯಾಂಕ್ ಅಂತೂ ದಿನಾ ಚೆಲ್ಲಬೇಕು. ಎರಡು ದಿನ ಬಿಟ್ಟು ಮುಚ್ಚಳ ತೆಗೆದ್ರೆ ಮೂಗು ಮುಚ್ಕೋಬೇಕಾಗುತ್ತೆ, ತಳದಲ್ಲಿ ಬೂದು ಲೋಳೆ ಕೂತಿರುತ್ತೆ. ನೀರು ಹೊರೋದು ತಪ್ಪುತ್ತೆ ಅಂತ ತಗೊಂಡೋರು ಕೊನೆಗೆ ನೀರೇ ಹೊರ್ತಾ ಇರ್ತಾರೆ. ಪೈಪ್ ಜೋಡಿಸೋ ಮಾಡೆಲ್ ಇದೆ, ಆದ್ರೆ ಅದಕ್ಕೆ ನಲ್ಲಿ, ಚರಂಡಿ ಎರಡೂ ಡಾಕ್ ಪಕ್ಕದಲ್ಲೇ ಬೇಕು.

ಬೇರೆ ದಾರಿ: ಲೇಸರ್‌ನಿಂದ ಮನೆಯ ಮ್ಯಾಪ್ (ನಕ್ಷೆ) ಮಾಡ್ಕೊಳ್ಳೋ, ಪಂಪ್ ಟ್ಯಾಂಕ್ ಮತ್ತು ಅದುರೋ ಪ್ಯಾಡ್ ಇರೋ ಸಾದಾ ರೋಬೋಟ್. ಜೊತೆಗೆ ಹೆಚ್ಚುವರಿ ಪ್ಯಾಡ್ ನಾಲ್ಕು. ದಿನಾ ಇಡೀ ಮನೆ ಗುಡಿಸಲಿ, ಒರೆಸೋದನ್ನ ದಿನಕ್ಕೆರಡು ರೂಮಿನ ಹಾಗೆ ಹಂಚಿ. ರೂಮಿಗೊಂದು ಪ್ಯಾಡ್ ಬದಲಾಯಿಸಿ, ಕೊಳೆಯಾದವನ್ನ ಬಟ್ಟೆ ಜೊತೆ ವಾಷಿಂಗ್ ಮಷಿನ್‌ಗೆ ಹಾಕಿ. ಫ್ಯಾಬ್ರಿಕ್ ಸಾಫ್ಟ್‌ನರ್ ಮಾತ್ರ ಹಾಕ್ಬೇಡಿ, ಮೈಕ್ರೋಫೈಬರ್ ಎಳೆ ಮೇಲೆ ಪೊರೆ ಕೂತು ಬಟ್ಟೆ ನೀರು ಹೀರೋದನ್ನೇ ಬಿಡುತ್ತೆ. ಪ್ಯಾಡ್ ತೊಳೆಯೋಕೆ ಪಂಪ್ ಇಲ್ಲ, ಹೀಟರ್ ಇಲ್ಲ, ಸೆನ್ಸರ್ ಇಲ್ಲ, ಹಾಗಾಗಿ ಕೆಡೋ ಭಾಗವೂ ಕಮ್ಮಿ.

ಒಂದೇ ಷರತ್ತು. ಕೆಲಸ ಮುಗಿದ ತಕ್ಷಣ ಪ್ಯಾಡ್ ಕಳಚಲೇಬೇಕು. ಒದ್ದೆ ಪ್ಯಾಡ್ ಸಮೇತ ರಾತ್ರಿಯೆಲ್ಲ ಚಾರ್ಜರ್ ಮೇಲೆ ಬಿಟ್ರೆ ಬಟ್ಟೆ ಗಬ್ಬು ನಾರುತ್ತೆ, ಕೆಳಗೆ ಮರ ಇದ್ರೆ ಕಪ್ಪಗಾಗುತ್ತೆ. ಅಷ್ಟು ನೆನಪಿಟ್ಕೊಳ್ಳೋಕೆ ಆಗಲ್ಲ ಅನ್ನೋರಿಗೆ ಡಾಕ್ ಸರಿ.


ಬೇರಿಂಗ್‌ಬಾಕ್ಸ್:

ಇಬ್ಬರೂ ಒಳಗಡೆ ಏನು ಕೆಡುತ್ತೆ ಅಂತ ಹೇಳಿಲ್ಲ, ಅದನ್ನ ನಾನು ಬರೀತೀನಿ. ಟೇಬಲ್ ಮೇಲೆ ಬಿಚ್ಚಿಟ್ಟಾಗ ಕಾಣೋ ದೋಷಗಳಲ್ಲಿ ಮೊದಲನೇದು ಕೂದಲು, ಎರಡನೇದು ನೀರಿಗೆ ಹಾಕಿದ ಕೆಮಿಕಲ್. ಮಿಕ್ಕಿದ್ದೆಲ್ಲ ಆಮೇಲೆ.

ಕೂದಲು ಬ್ರಷ್ ಮಧ್ಯೆ ಸುತ್ತಿಕೊಂಡ್ರೆ ಕಾಣುತ್ತೆ, ಕತ್ತರಿಸಿ ತೆಗೀಬಹುದು. ಕಾಣದೇ ಇರೋದು ಬ್ರಷ್ಷಿನ ಎರಡು ತುದಿ. ತುದಿಯ ಟೋಪಿ ಎಳೆದು ತೆಗೆದ್ರೆ ಒಳಗೆ ಬೇರಿಂಗ್ ಇರುತ್ತೆ, ಅದರ ಸುತ್ತ ಕೂದಲು ಉಂಗುರದ ಹಾಗೆ ಬಿಗಿದಿರುತ್ತೆ. ಬಿಟ್ರೆ ತಿಕ್ಕಾಟಕ್ಕೆ ಬಿಸಿಯಾಗಿ ಸುತ್ತಲಿನ ಪ್ಲಾಸ್ಟಿಕ್ ಕರಗುತ್ತೆ, ಆಮೇಲೆ ಬ್ರಷ್ ಜೊತೆ ಅದರ ಗೂಡನ್ನೂ ಬದಲಿಸಬೇಕು. ಉದ್ದ ಕೂದಲಿರೋ ಮನೆಗೆ ಬರೀ ಬಿರುಗೂದಲಿನ ಬ್ರಷ್ ಬೇಡ. ರಬ್ಬರ್ ರೆಕ್ಕೆ ಇರೋದು, ಅಥವಾ ಎರಡು ಶಂಕು ಎದುರುಬದುರಾಗಿ ಮಧ್ಯೆ ಸಂದು ಬಿಟ್ಟಿರೋದು ನೋಡಿ. ಶಂಕಿನಲ್ಲಿ ಕೂದಲು ಸಣ್ಣ ತುದಿ ಕಡೆ ಜಾರಿ ಆ ಸಂದಿನಿಂದ ಒಳಗೆ ಹೋಗುತ್ತೆ.

ಮುಂದಿನ ಪುಟ್ಟ ಚಕ್ರವನ್ನ ಯಾರೂ ನೋಡೋದೇ ಇಲ್ಲ. ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ ನೇರ ಮೇಲಕ್ಕೆ ಎಬ್ಬಿದ್ರೆ ಬರುತ್ತೆ. ಅದರ ಅಚ್ಚಿಗೆ ಕೂದಲು ಸುತ್ತಿ ಚಕ್ರ ಉರುಳೋದು ನಿಲ್ಲಿಸಿದ್ರೆ ಯಂತ್ರ ಅದನ್ನ ಎಳ್ಕೊಂಡೇ ಓಡಾಡುತ್ತೆ. ಎರರ್ ಏನೂ ಬರಲ್ಲ, ಲ್ಯಾಮಿನೇಟ್ ಮೇಲೆ ಸಣ್ಣ ಗೀರು ಬೀಳೋಕೆ ಶುರುವಾದಾಗಲೇ ಗೊತ್ತಾಗೋದು. ತಿಂಗಳಿಗೊಮ್ಮೆ ತೆಗೆದು ನೋಡಿ.

ಗುಡಿಸೋದು, ಒರೆಸೋದು ಒಟ್ಟಿಗೇ ಮಾಡಿಸ್ಬೇಡಿ. ಮೊದಲು ಇಡೀ ಮನೆ ಒಣದಾಗಿ ಗುಡಿಸಿ, ಆಮೇಲೆ ಒರೆಸೋ ಹಾಗೆ ಆ್ಯಪ್‌ನಲ್ಲಿ ಇಟ್ಕೊಳ್ಳಿ, ಈಗಿನ ಎಷ್ಟೋ ಮಾಡೆಲ್‌ಗಳಲ್ಲಿ ಈ ಆಯ್ಕೆ ಇದೆ. ಒಟ್ಟಿಗೆ ಮಾಡಿದಾಗ, ಮುಂಚೆ ಒರೆಸಿದ ಒದ್ದೆ ಜಾಗದ ಮೇಲೆ ಬ್ರಷ್ ಹಾದು ಹೋಗುತ್ತೆ, ತೇವ ಧೂಳು ಡಬ್ಬಿಯಲ್ಲಿ ಉಂಡೆ ಕಟ್ಟುತ್ತೆ, ಫಿಲ್ಟರ್ ನೆನೆದು ಎಳೆತ ಕಮ್ಮಿ ಆಗುತ್ತೆ. ಧೂಳು ತಾನೇ ಎಳ್ಕೊಳ್ಳೋ ಡಾಕ್ ಆದ್ರೆ ಅದೇ ಉಂಡೆ ನಾಳದ ಬಾಗಿನಲ್ಲಿ ಕೂರುತ್ತೆ. ಡಾಕ್ ಜೋರಾಗಿ ಸದ್ದು ಮಾಡಿದ್ರೂ ಡಬ್ಬಿ ಖಾಲಿ ಆಗ್ತಿಲ್ಲ ಅಂದ್ರೆ ಬ್ಯಾಗ್ ಬದಲಿಸೋಕೆ ಮುಂಚೆ ಟಾರ್ಚ್ ಹಾಕಿ ಆ ನಾಳ ನೋಡಿ.

ಬೆಕ್ಕಿನ ಮರಳು, ಅಂದ್ರೆ ಅದರ ಮಲಮೂತ್ರದ ಡಬ್ಬಿಗೆ ಹಾಕೋದು, ಅದರ ವಿಷಯ ಹೇಳಲೇಬೇಕು. ಗಟ್ಟಿ ಕಟ್ಟೋ ಥರದ್ದು ಬೆಂಟೊನೈಟ್ ಜೇಡಿ, ನೀರು ತಗುಲಿದ್ರೆ ಅಂಟು ಕೆಸರು. ತಿರುಗೋ ಮಾಪ್ ಅದರ ಮೇಲೆ ಹೋದ್ರೆ ಎಳೆ ಎಳೆಗೂ ಮೆತ್ತಿಕೊಂಡು ಡಾಕಿನ ತೊಳೆಯೋ ತಟ್ಟೆಯ ಜಾಲರಿ ಕಟ್ಟುತ್ತೆ. ಆ್ಯಪ್‌ನ ಮ್ಯಾಪಿನಲ್ಲಿ ಮರಳಿನ ಡಬ್ಬಿ ಸುತ್ತ ಅರ್ಧ ಮೀಟರ್ ‘ಒರೆಸಬೇಡ’ ಗಡಿ ಹಾಕಿ, ಗುಡಿಸಲಿ ಸಾಕು. ಮತ್ತೆ ಬೆಕ್ಕು ವಾಂತಿ ಮಾಡಿದ್ರೆ ಅದನ್ನ ನೋಡಿ ಸುತ್ತಿ ಹೋಗೋಕೆ ಮುಂದಿನ ಕ್ಯಾಮೆರಾ ಬೇಕು, ಯಂತ್ರದ ತಲೆ ಮೇಲಿರೋ ಲೇಸರ್ ಗೋಪುರಕ್ಕೆ ನೆಲಮಟ್ಟದ ವಸ್ತು ಕಾಣಲ್ಲ. ಕ್ಯಾಮೆರಾ ಇದ್ರೂ ಮನೆಯಲ್ಲಿ ಯಾರೂ ಇಲ್ಲದಾಗ ಓಡಿಸೋದು ಅಪಾಯವೇ.

ಗಡಸು ನೀರಿಗೆ: ಬಿಸಿನೀರಿನಲ್ಲಿ ಮಾಪ್ ತೊಳೆಯೋ ಡಾಕ್‌ಗಳಲ್ಲಿ ನೀರು 60 ಡಿಗ್ರಿ ಅಥವಾ ಅದಕ್ಕೂ ಮೇಲೆ ಕಾಯುತ್ತೆ. ಬಕೆಟ್ಟಿಗೆ ಕಟ್ಟೋ ಆ ಬಿಳಿ ಪೊರೆ ಹೀಟರ್ ಮೇಲೆ ಇನ್ನೂ ಬೇಗ ಕಟ್ಟುತ್ತೆ. ಫಿಲ್ಟರ್ ಆದ, ಖನಿಜ ಕಮ್ಮಿ ಇರೋ ನೀರು ಸಿಕ್ಕಿದ್ರೆ ಅದನ್ನೇ ಹಾಕಿ. ಸಿಗದಿದ್ರೆ ಬಿಸಿನೀರಿನ ಆಯ್ಕೆಯನ್ನ ಆ್ಯಪ್‌ನಲ್ಲಿ ಆಫ್ ಮಾಡಿ, ತಣ್ಣೀರಲ್ಲೂ ಮಾಪ್ ತೊಳೆಯುತ್ತೆ. ಕಳಚೋಕೆ ಬರೋ ತಟ್ಟೆಗೆ ಕಟ್ಟಿದ ಪೊರೆಗೆ ಒಂದು ಲೀಟರ್ ಬೆಚ್ಚಗಿನ ನೀರಿಗೆ 15-20 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಅರ್ಧ ಗಂಟೆ ನೆನೆಸಿ ತೊಳೆದ್ರೆ ಆಯ್ತು. ಮ್ಯಾನುಯಲ್‌ನಲ್ಲಿ ಹೇಳದೇ ಇದ್ರೆ ಅದನ್ನ ಟ್ಯಾಂಕಿಗೆ ಮಾತ್ರ ಸುರೀಬೇಡಿ.


ಟೈಲ್ಸ್‌ಮನೆ:

ಇಷ್ಟು ವಿವರಕ್ಕೆ ತುಂಬಾ ಥ್ಯಾಂಕ್ಸ್. ಟೇಪು ಹಿಡಿದೆ. ಎರಡು ಹೊಸ್ತಿಲು 1.8 ಸೆಂ.ಮೀ., ಒಂದು ಮಾತ್ರ 4.5. ಸೋಫಾ ಕೆಳಗೆ ಮುಂದುಗಡೆ 10.2, ಒಳಗೆ ಅಡ್ಡಪಟ್ಟಿ ಹತ್ರ 9.6. ಮಂಚದ ಕೆಳಗೆ 20, ತೊಂದರೆ ಇಲ್ಲ. ಕಾರ್ಪೆಟ್ ಎಳೆ 12 ಮಿ.ಮೀ., ಬಣ್ಣ ಕಡುಗಪ್ಪು, ತುದಿಗೆ ಕುಚ್ಚು ಇದೆ. ಡಾಕ್ ಇಡೋಕೆ ಒಂದು ಮೀಟರ್ ಗೋಡೆ ಸಿಗುತ್ತೆ, ಟೈಲ್ಸ್ ಮೇಲೇನೇ. 4 ಲೀಟರ್ ಟ್ಯಾಂಕ್ ಎತ್ತೋಕೂ ತೊಂದರೆ ಇಲ್ಲ.

ಇನ್ನೆರಡು ಪ್ರಶ್ನೆ. ನೀರಿಗೆ ಫಿನಾಯಿಲ್ ಹಾಕಬಹುದಾ? ಇಂಟರ್ನೆಟ್ ಹೋದ್ರೆ ಇದು ಕೆಲಸ ಮಾಡುತ್ತಾ?


ಧೂಳುಪುರಾಣ:

ಅಳತೆ ಕೊಟ್ಟಿದ್ದು ಒಳ್ಳೆಯದಾಯಿತು. ಒಂದೊಂದಾಗಿ ನೋಡೋಣ.

1.8 ಸೆಂ.ಮೀ. ಹೊಸ್ತಿಲು: ಸ್ಪೆಕ್‌ನಲ್ಲಿ ‘20 ಮಿ.ಮೀ. ದಾಟುತ್ತದೆ’ ಎಂದಿದ್ದರೆ ಅದು ಅಂಚು ಇಳಿಜಾರಾಗಿ ಇದ್ದಾಗಿನ ಮಾತು. ನಿಮ್ಮದು ಚೌಕ ಅಂಚಿನ ಕಲ್ಲಾಗಿದ್ದರೆ, ಅದೂ ನೆಲ ಒದ್ದೆ ಇದ್ದರೆ, ಚಕ್ರ ಜಾರಿ ಮೂರು ನಾಲ್ಕು ಸಲ ತಿಣುಕುತ್ತದೆ. ಅಂಥ ಕಡೆ 22 ಮಿ.ಮೀ. ಅಥವಾ ಮೇಲೆ ದಾಟುವಂಥದ್ದು ನೋಡಿ. 4.5ರ ಹೊಸ್ತಿಲಿಗೆ ಎರಡು ದಾರಿ. ಚಕ್ರದ ಕಾಲು ಎತ್ತಿ ಹತ್ತುವ ಹೊಸ ಮಾಡೆಲ್, ಇಲ್ಲವೇ ಎರಡೂ ಕಡೆ ಮರದ ಇಳಿಜಾರು ಪಟ್ಟಿ. ಪಟ್ಟಿಯ ಉದ್ದ ಎತ್ತರದ ಐದು ಪಟ್ಟು, ಅಂದರೆ 22-23 ಸೆಂ.ಮೀ. ಇರಲಿ. ಮೇಲೆ ಜಾರದ ಟೇಪು ಅಂಟಿಸಿ, ಆ ಜಾಗಕ್ಕೆ ‘ಒರೆಸಬೇಡ’ ಗಡಿ ಹಾಕಿ. ಪಟ್ಟಿ ಇಡುವುದು ಬೇಡವೆನಿಸಿದರೆ ಆ ರೂಮನ್ನು ಮ್ಯಾಪಿನಿಂದ ಬಿಟ್ಟುಬಿಡುವುದು ವಾಸಿ, ಅದೊಂದರ ಸಲುವಾಗಿ ಕಾಲೆತ್ತುವ ಯಂತ್ರ ಕೊಳ್ಳುವುದು ದಂಡ.

ಸೋಫಾ: ಲೇಸರ್ ಗೋಪುರ ಇರುವವು ಸಾಮಾನ್ಯವಾಗಿ 9.5-10 ಸೆಂ.ಮೀ. ಎತ್ತರ. ನಿಮ್ಮ ಸೋಫಾ ಅತಿ ಕೆಟ್ಟ ಎತ್ತರದ್ದು. ಮುಂದೆ 10.2 ಇರುವುದರಿಂದ ನುಗ್ಗುತ್ತದೆ, ಒಳಗೆ 9.6ರಲ್ಲಿ ಗೋಪುರ ಸಿಕ್ಕಿಕೊಂಡು ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಯಂತ್ರದ ಎತ್ತರಕ್ಕಿಂತ ಕನಿಷ್ಠ ಒಂದು ಸೆಂಟಿಮೀಟರ್ ಹೆಚ್ಚು ಜಾಗ ಬೇಕು. ಸೋಫಾ ಕಾಲಿನ ಕೆಳಗೆ 1.5 ಸೆಂ.ಮೀ. ರಬ್ಬರ್ ಬಿಲ್ಲೆ ಕೊಟ್ಟರೆ 9.6 ಹೋಗಿ 11.1 ಆಗುತ್ತದೆ, ಆ ಎತ್ತರದ ಯಾವ ಮಾಡೆಲ್ ಬೇಕಾದರೂ ಕೊಳ್ಳಬಹುದು. ಅದಾಗದಿದ್ದರೆ ಗೋಪುರವಿಲ್ಲದ, ಸುಮಾರು 8 ಸೆಂ.ಮೀ. ಎತ್ತರದ ಮಾಡೆಲ್‌ಗಳಿವೆ. ಅವುಗಳಲ್ಲಿ ಬರೀ ಕ್ಯಾಮೆರಾ ನಂಬಿದಂಥವಕ್ಕೆ ಕತ್ತಲಲ್ಲಿ ದಾರಿ ತಪ್ಪುತ್ತದೆ, ಸೋಫಾ ಅಡಿಯಲ್ಲಿ ಇರುವುದೂ ಕತ್ತಲೇ.

ಕಾರ್ಪೆಟ್: ಇಲ್ಲಿ ಮೂರು ತೊಡಕು ಒಟ್ಟಿಗೆ ಬಂದಿವೆ. ಮಾಪ್ 10 ಮಿ.ಮೀ. ಮೇಲೆತ್ತುತ್ತದೆ ಅಂದರೂ 12 ಮಿ.ಮೀ. ಎಳೆಯಲ್ಲಿ ಚಕ್ರ ಹುದುಗುವುದರಿಂದ ಒದ್ದೆ ಮಾಪ್ ಎಳೆಯ ತುದಿಗೆ ಸವರಿಕೊಂಡು ಹೋಗುತ್ತದೆ. ಹಾಗಾಗಿ ಮಾಪ್‌ಗಳನ್ನು ಡಾಕಿನಲ್ಲೇ ಕಳಚಿಟ್ಟು ಕಾರ್ಪೆಟ್ಟಿಗೆ ಹೊರಡುವ ಮಾಡೆಲ್ ಬೇಕು, ಇಲ್ಲವೇ ಒರೆಸುವ ಸುತ್ತಿನಲ್ಲಿ ಕಾರ್ಪೆಟ್ಟಿಗೆ ಹೋಗದಂತೆ ಗಡಿ ಹಾಕಬೇಕು. ಎರಡನೆಯದು ಕಪ್ಪು ಬಣ್ಣ. ಮೆಟ್ಟಿಲಿನಿಂದ ಬೀಳದಿರಲು ಅಡಿಯಲ್ಲಿರುವ ಇನ್ಫ್ರಾರೆಡ್ ಸೆನ್ಸರ್‌ಗಳು ನೆಲದಿಂದ ಬೆಳಕು ವಾಪಸ್ ಬರುವುದನ್ನು ನೋಡುತ್ತವೆ. ಕಡುಗಪ್ಪು ಎಳೆ ಬೆಳಕನ್ನು ನುಂಗಿದರೆ ಯಂತ್ರ ಅದನ್ನು ಹಳ್ಳವೆಂದು ತಿಳಿದು ಹಿಂದೆ ಸರಿಯುತ್ತದೆ. ಸೆನ್ಸರ್ ಮೇಲೆ ಬಿಳಿ ಕಾಗದ ಅಂಟಿಸಿ ಎಂಬ ಸಲಹೆ ಕಂಡರೆ, ಮನೆಯಲ್ಲಿ ಎಲ್ಲೂ ಮೆಟ್ಟಿಲು ಇಲ್ಲದಿದ್ದರೆ ಮಾತ್ರ ಅದರ ಬಗ್ಗೆ ಯೋಚಿಸಿ. ಮೂರನೆಯದು ಕುಚ್ಚು, ಅದನ್ನು ಒಳಕ್ಕೆ ಮಡಚಿ ಎರಡು ಬದಿಯ ಟೇಪು ಹಾಕಿ.

ಲ್ಯಾಮಿನೇಟ್ ರೂಮಿಗೆ ನೀರಿನ ಮಟ್ಟ ಅತಿ ಕಡಿಮೆ, ಒಂದೇ ಸುತ್ತು, ಹಲಗೆ ಹೋದ ದಿಕ್ಕಿನಲ್ಲೇ ಓಡಾಟ. ಹಲಗೆಗಳ ಸಂದಿನಲ್ಲಿ ನೀರು ನಿಂತರೆ ಅಂಚು ಉಬ್ಬುತ್ತದೆ, ಉಬ್ಬಿದ್ದು ಇಳಿಯುವುದಿಲ್ಲ. ರೂಮುವಾರು ನೀರಿನ ಮಟ್ಟ ಬೇರೆ ಬೇರೆ ಇಡಲು ಬರುವುದೇ ಎಂದು ಕೊಳ್ಳುವ ಮುಂಚೆ ಮ್ಯಾನುಯಲ್ ಇಳಿಸಿಕೊಂಡು ನೋಡಿ. ನಿಮ್ಮ ಮನೆಗೆ ಇದು ಪಾಸ್ಕಲ್‌ಗಿಂತ ದೊಡ್ಡ ಸಂಗತಿ.

ಒಟ್ಟಿನಲ್ಲಿ ನಿಮಗೆ: ತಿರುಗುವ ಜೋಡಿ ಮಾಪ್, ಸಾಧ್ಯವಾದರೆ ಮಾಪ್ ಕಳಚಿಡುವ ಡಾಕ್, ಬಿಸಿಗಾಳಿಯಲ್ಲಿ ಒಣಗಿಸುವುದು ಕಡ್ಡಾಯ, ಬಿಸಿನೀರು ಇಲ್ಲದಿದ್ದರೂ ಪರವಾಗಿಲ್ಲ, ಮುಂದೆ ಕ್ಯಾಮೆರಾ, ಕೂದಲು ಸುತ್ತದ ಬ್ರಷ್, 5000ದ ಮೇಲೆ ಪಾಸ್ಕಲ್. ರೋಲರ್ ಬೇಡ ಎನ್ನುತ್ತಿರುವುದು ಬೆಕ್ಕಿನ ಕೂದಲ ಕಾರಣಕ್ಕೆ ಮಾತ್ರ.


ಬೇರಿಂಗ್‌ಬಾಕ್ಸ್:

ಫಿನಾಯಿಲ್ ಬೇಡ. ನೀರಿಗೆ ಬಿದ್ದಾಗ ಹಾಲಿನ ಹಾಗೆ ಬೆಳ್ಳಗಾಗುತ್ತಲ್ಲ, ಆ ಬಿಳುಪೇ ಎಣ್ಣೆಯ ಸಣ್ಣ ಹನಿ. ಪಂಪಿನ ನಳಿಕೆ ಒಳಗಡೆ ಅದು ಜಿಡ್ಡಾಗಿ ಕೂತು ಧೂಳು ಹಿಡ್ಕೊಳ್ಳುತ್ತೆ, ಸಣ್ಣ ರಂಧ್ರಗಳು ಮುಚ್ಚಿಹೋಗುತ್ವೆ. ಬ್ಲೀಚ್ ರಬ್ಬರ್ ಸೀಲ್‌ಗಳನ್ನ ಹಾಳು ಮಾಡುತ್ತೆ. ಟಾಯ್ಲೆಟ್ಟಿಗೆ ಹಾಕೋ ಆಸಿಡ್ ಕ್ಲೀನರ್ ಲೋಹದ ಭಾಗ ತಿನ್ನುತ್ತೆ, ಮಾರ್ಬಲ್ ಇದ್ರೆ ಅದರ ಹೊಳಪೂ ಹೋಯ್ತು. ಬರೀ ನೀರು ಸಾಕು, ಇಲ್ಲಾ ರೋಬೋಟಿಗೆ ಅಂತಲೇ ಮಾಡಿದ ನೊರೆ ಬರದ ದ್ರಾವಣ, ಬಾಟಲಿ ಮೇಲೆ ಬರೆದ ಅಳತೆಗಿಂತ ಒಂದು ಹನಿ ಜಾಸ್ತಿ ಬೇಡ.

ನೊರೆ ಯಾಕೆ ಕೆಟ್ಟದ್ದು ಅಂದ್ರೆ, ಕೊಳೆ ಟ್ಯಾಂಕಿನ ಮೇಲ್ಭಾಗದಲ್ಲಿ ತುಂಬಿದ್ದನ್ನ ತಿಳಿಸೋ ಸೆನ್ಸರ್ ಇರುತ್ತೆ. ನೀರು ಅರ್ಧಕ್ಕೇ ಇದ್ರೂ ನೊರೆ ಏರಿ ಅದಕ್ಕೆ ತಾಗಿದ್ರೆ ‘ಟ್ಯಾಂಕ್ ತುಂಬಿದೆ’ ಅಂತ ನಿಂತುಬಿಡುತ್ತೆ. ಈ ಎರರ್ ಬಂದು ಟ್ಯಾಂಕಲ್ಲಿ ನೀರು ಕಮ್ಮಿ ಕಂಡ್ರೆ ಎರಡೂ ಟ್ಯಾಂಕ್ ಚೆಲ್ಲಿ, ಬರೀ ನೀರು ತುಂಬಿ ಮಾಪ್ ತೊಳೆಯೋ ಸೈಕಲ್ ಎರಡು ಸಲ ಓಡಿಸಿ.

ಇದರ ಉಲ್ಟಾ ದೂರು ‘ಶುದ್ಧ ನೀರು ಖಾಲಿ’, ಟ್ಯಾಂಕ್ ನೋಡಿದ್ರೆ ತುಂಬಿದೆ. ಟ್ಯಾಂಕ್ ಎತ್ತಿ ತಳದ ಸ್ಪ್ರಿಂಗ್ ಕವಾಟ ಬೆರಳಲ್ಲಿ ಒತ್ತಿ ನೋಡಿ, ಜಾಲರಿ ತೊಳೀರಿ, ಒಳಗಿನ ತೇಲುಬಿಲ್ಲೆ ಮೇಲೆ ಕೆಳಗೆ ಸಲೀಸಾಗಿ ಆಡುತ್ತಾ ನೋಡಿ. ಅದೆಲ್ಲ ಸರಿ ಇದ್ರೆ ನಳಿಕೆಯಲ್ಲಿ ಗಾಳಿ ಹಿಡ್ಕೊಂಡಿದೆ. ಟ್ಯಾಂಕ್ ಬಿಗಿಯಾಗಿ ಕೂರಿಸಿ ತೊಳೆಯೋ ಸೈಕಲ್ ಮತ್ತೆ ಮತ್ತೆ ಕೊಟ್ರೆ ಪಂಪ್ ತಾನೇ ಎಳ್ಕೊಳ್ಳುತ್ತೆ.

ಬಿಡಿಭಾಗದ ಲೆಕ್ಕ: ಪಕ್ಕದ ಬ್ರಷ್, ಫಿಲ್ಟರ್ 3-6 ತಿಂಗಳು, ಮುಖ್ಯ ಬ್ರಷ್ 6-12 ತಿಂಗಳು. ತೊಳೆಯೋ ಫಿಲ್ಟರ್ ಆದ್ರೆ ತೊಳೆದ ಮೇಲೆ ಪೂರಾ 24 ಗಂಟೆ ಒಣಗಿಸದೆ ಹಾಕ್ಬೇಡಿ, ಹಾಗಾಗಿ ಎರಡು ಇಟ್ಕೊಂಡು ಸರದಿ ಮೇಲೆ ಬಳಸಿ. ಮಾಪ್ ಬಟ್ಟೆ ಎಳೆ ಮಲಗಿ ಗಟ್ಟಿಯಾದ್ರೆ ಬದಲಿಸೋ ಕಾಲ ಬಂತು. ಬ್ಯಾಟರಿ ಹೊರಗಿನ ಸ್ಕ್ರೂ ತೆಗೆದ್ರೆ ಕೈಗೆ ಬರೋ ಮಾಡೆಲ್ ಆರಿಸಿ. ಎರಡು ಮೂರು ವರ್ಷಕ್ಕೆ ಓಡೋ ಹೊತ್ತು ಕಮ್ಮಿ ಆಗೋದು ಸಹಜ, ಆಗ ಇಡೀ ಯಂತ್ರ ಬಿಚ್ಚೋ ಹಾಗಿರಬಾರದು.


ಮ್ಯಾಪ್‌ಮೇಷ್ಟ್ರು:

ಇಂಟರ್ನೆಟ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬಹುಪಾಲು ರೋಬೋಟ್‌ಗಳಲ್ಲಿ ನೆಟ್ ಹೋದರೂ ಮೇಲಿನ ಗುಂಡಿ ಒತ್ತಿದರೆ ಇಡೀ ಮನೆ ಗುಡಿಸುತ್ತದೆ, ಡಾಕಿಗೆ ಮರಳುತ್ತದೆ. ರೂಮು ಆರಿಸುವುದು, ಗಡಿ ಬದಲಿಸುವುದು, ನೀರಿನ ಮಟ್ಟ ಬದಲಿಸುವುದು ಆ್ಯಪ್ ಮೂಲಕ, ಆ್ಯಪ್ ಕಂಪನಿಯ ಸರ್ವರ್ ಮೂಲಕ. ನೀಟೊ ರೋಬೋಟ್ ಕಂಪನಿ 2023ರಲ್ಲಿ ಮುಚ್ಚಿತು. ಆಮೇಲೆ ಅದರ ಕ್ಲೌಡ್ ಸೇವೆಯೂ (ಆ್ಯಪ್ ನಡೆಸುವ ಸರ್ವರ್) ನಿಂತಾಗ ಚೆನ್ನಾಗಿದ್ದ ಯಂತ್ರಗಳು ಬರೀ ಗುಂಡಿಗೆ ಸೀಮಿತವಾದವು. ನಿಮ್ಮ ಮನೆಯ ಲ್ಯಾಮಿನೇಟ್, ಕಾರ್ಪೆಟ್, ಬೆಕ್ಕಿನ ಮರಳು ಮೂರೂ ಗಡಿಗಳ ಮೇಲೆ ನಿಂತಿರುವುದರಿಂದ ಇದು ನಿಮಗೆ ಮುಖ್ಯ.

ಮ್ಯಾಟರ್ ಎಂಬ ಸ್ಮಾರ್ಟ್ ಹೋಮ್ ಮಾನದಂಡದ 1.2 ಆವೃತ್ತಿ 2023ರಲ್ಲಿ ಬಂದಾಗ ರೋಬೋಟ್ ವ್ಯಾಕ್ಯೂಮ್‌ಗಳೂ ಅದರೊಳಗೆ ಸೇರಿದವು. ಅದು ಮನೆಯೊಳಗಿನ ನೆಟ್‌ವರ್ಕ್‌ನಲ್ಲೇ ಮಾತಾಡುತ್ತದೆ, ಆದರೆ ಗಡಿ ಎಳೆಯಲು ಇನ್ನೂ ಕಂಪನಿಯ ಆ್ಯಪ್ಪೇ ಬೇಕು. ಪೂರ್ತಿ ಕ್ಲೌಡ್ ಬೇಡವೆಂದರೆ ವ್ಯಾಲೆಟೂಡೊ ಎಂಬ ತೆರೆದ ಸಾಫ್ಟ್‌ವೇರ್ ಇದೆ. ಅದರ ಪಟ್ಟಿಯಲ್ಲಿರುವ ಮಾಡೆಲ್‌ಗಳಿಗೆ ಮಾತ್ರ ಸಾಧ್ಯ, ಹಾಕುವುದಕ್ಕೆ ಕೆಲವನ್ನು ಬಿಚ್ಚಬೇಕು, ವಾರಂಟಿಯ ಆಸೆಯನ್ನೂ ಬಿಡಬೇಕು.

ಜೋಡಿಸುವಾಗ ಎಲ್ಲರೂ ಎಡವುವ ಕಡೆ ವೈಫೈ. ಹೆಚ್ಚಿನವು 2.4 ಗಿಗಾಹರ್ಟ್ಸ್‌ಗೆ ಮಾತ್ರ ಸೇರುತ್ತವೆ. ರೂಟರ್ 2.4 ಮತ್ತು 5 ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರೆ ಜೋಡಿಸುವಷ್ಟು ಹೊತ್ತು 5 ಅನ್ನು ಆಫ್ ಮಾಡಿ.

ಮೊದಲ ಮ್ಯಾಪ್ ಹಗಲು ಹೊತ್ತಿನಲ್ಲಿ, ಎಲ್ಲಾ ಬಾಗಿಲು ತೆರೆದು, ಕುರ್ಚಿ ಮೇಲೆತ್ತಿ, ಮಾಪ್ ಹಾಕದೆ ಮಾಡಿಸಿ. ಒದ್ದೆ ಹೊಳಪಿನ ಟೈಲ್ಸ್ ಮೇಲೆ ಚಕ್ರ ಜಾರಿದರೆ ಮ್ಯಾಪ್ ಓರೆಯಾಗುವುದುಂಟು. ನೆಲದವರೆಗೆ ಕನ್ನಡಿ ಇದ್ದರೆ ಲೇಸರ್ ಅದರ ಹಿಂದೆ ಇನ್ನೊಂದು ರೂಮು ಇದೆ ಎಂದು ಬರೆದುಕೊಳ್ಳುತ್ತದೆ, ಆ್ಯಪ್‌ನ ಮ್ಯಾಪಿನಲ್ಲಿ ಅಲ್ಲಿ ಒಂದು ಅಡ್ಡಗೋಡೆ ಎಳೆದುಬಿಡಿ. ಮ್ಯಾಪ್ ಆದ ಮೇಲೆ ಡಾಕ್ ಜಾಗ ಬದಲಿಸಬೇಡಿ.

ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಮೂರು ಪರೀಕ್ಷೆ ಮಾಡಿ. ಗೋಡೆಯ ಬುಡಕ್ಕೆ ಸೀಮೆಸುಣ್ಣದ ಪುಡಿ ಗೆರೆ ಎಳೆದು ಎಷ್ಟು ಸೆಂಟಿಮೀಟರ್ ಬಿಡುತ್ತದೆ ನೋಡಿ. ಒರೆಸುವ ಸುತ್ತು ಮುಗಿದ ಕೂಡಲೇ ಲ್ಯಾಮಿನೇಟ್ ಮೇಲೆ ಟಿಶ್ಯೂ ಒತ್ತಿ. ನಿಮಿಷ ಕಳೆದ ಮೇಲೂ ಅದು ಒದ್ದೆಯಾಗುತ್ತಿದ್ದರೆ ನೀರು ಜಾಸ್ತಿ, ಅತಿ ಕಡಿಮೆ ಮಟ್ಟದಲ್ಲೂ ಹಾಗೇ ಆದರೆ ಯಂತ್ರ ವಾಪಸ್ ಕೊಡಿ. ಮೂರನೆಯದು, ರೂಟರ್ ಆಫ್ ಮಾಡಿ ಗುಂಡಿ ಒತ್ತಿ, ಗಡಿಗಳನ್ನು ಪಾಲಿಸುತ್ತದೆಯೇ ನೋಡಿ. ಮ್ಯಾಪ್ ಯಂತ್ರದೊಳಗೇ ಉಳಿದಿದ್ದರೆ ಪಾಲಿಸುತ್ತದೆ.